ಡಬ್ಬಿಯಲ್ಲಿರುವ ಐನೂರು ಏರ್ ರೈಫಲ್ ಪೆಲೆಟ್ ಒಂದೇ ಥರ ಇವೆಯಾ? ಮನೆಯಲ್ಲೇ ಪರೀಕ್ಷಿಸುವ ವಿಧಾನ

ಶೂಟಿಂಗ್ ರೇಂಜ್‌ಗೆ ಹೊಸದಾಗಿ ಬರುವ ಹುಡುಗರು ಆರು ತಿಂಗಳು ಕಳೆಯುವಷ್ಟರಲ್ಲಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಸಾರ್, ಅಮೆರಿಕದವರು ಮನೆಯಲ್ಲೇ ಕಾಡತೂಸು ತುಂಬಿಕೊಳ್ತಾರಲ್ಲ, ಒಂದೊಂದನ್ನೂ ತೂಗಿ, ಅಳೆದು. ನಾವೂ ಮಾಡಬಹುದಾ?"

ಆಗಲ್ಲ. 1959ರ ಆರ್ಮ್ಸ್ ಆಕ್ಟ್‌ನ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅದೂ ಅಲ್ಲದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇರುವ ಮನೆಯಲ್ಲಿ, ಮದ್ದಿನಪುಡಿ ಇಟ್ಟುಕೊಂಡು ಕೂರುವ ಕೆಲಸ ಯಾರಿಗೂ ಬೇಡ.

ಆದರೆ ಆ ಪ್ರಶ್ನೆಯ ಹಿಂದಿನ ಆಸೆ ಇದೆಯಲ್ಲ, ಪ್ರತಿ ಗುಂಡೂ ಹಿಂದಿನ ಗುಂಡಿನ ಹಾಗೇ ಇರಬೇಕು ಅನ್ನುವುದು, ಅದು ಸರಿಯಾದ ಆಸೆಯೇ. ಅದನ್ನು ತೀರಿಸಿಕೊಳ್ಳಲು ನಮಗೆ 10 ಮೀಟರ್ ಏರ್ ರೈಫಲ್ ಇದೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ರೈಫಲ್‌ಗಳ, ಅಂದರೆ ಪಂದ್ಯದ ರೈಫಲ್‌ಗಳ, ಶಕ್ತಿ ಏಳೂವರೆ ಜೂಲ್ ಆಸುಪಾಸು. ಅದರ ಪೆಲೆಟ್‌ಗೆ ಮದ್ದೂ ಇಲ್ಲ, ಮದ್ದಿಗೆ ಕಿಡಿ ಹಚ್ಚುವ ಕ್ಯಾಪೂ ಇಲ್ಲ. ಬರೀ ಸೀಸದ ಚೂರು. ಅದನ್ನು ನಾವು ತಯಾರಿಸುವುದಿಲ್ಲ, ಆರಿಸುತ್ತೇವೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ.

ಮೊದಲು ಲೆಕ್ಕ, ಆಮೇಲೆ ತಕ್ಕಡಿ

ಎಲ್ಲರೂ ನೇರವಾಗಿ ತೂಕದ ಮಷಿನ್ ಕೊಳ್ಳಲು ಓಡುತ್ತಾರೆ. ನಾನೂ ಓಡಿದ್ದೆ. ಅದಕ್ಕೆ ಮುಂಚೆ ಒಂದು ಹಾಳೆ, ಒಂದು ಪೆನ್ನು ಹಿಡಿದು ಹತ್ತು ನಿಮಿಷ ಕೂತರೆ ಎಷ್ಟೋ ಸಂಜೆ ಉಳಿಯುತ್ತವೆ.

ಟಾರ್ಗೆಟ್‌ನ ಲೆಕ್ಕ ಹೀಗಿದೆ. ಮಧ್ಯದ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಪೆಲೆಟ್‌ನ ಅಂಚು ಅದನ್ನು ಮುಟ್ಟಿದರೆ 10.0. ಅಂದರೆ ಪೆಲೆಟ್‌ನ ನಡುಬಿಂದು ಕೇಂದ್ರದಿಂದ ಎರಡೂವರೆ ಮಿಲಿಮೀಟರ್ ದೂರದಲ್ಲಿದ್ದರೂ ಹತ್ತು ಸಿಗುತ್ತದೆ. ಅಲ್ಲಿಂದ ಒಳಗೆ ಪ್ರತಿ ಕಾಲು ಮಿಲಿಮೀಟರ್‌ಗೆ 0.1 ಜಾಸ್ತಿ. 10.9 ಬೇಕು ಅಂದರೆ ಕೇಂದ್ರದಿಂದ ಕಾಲು ಮಿಲಿಮೀಟರ್ ಒಳಗೇ ಬೀಳಬೇಕು. 2013ಕ್ಕೆ ಮುಂಚೆ ಅರ್ಹತಾ ಸುತ್ತಿನಲ್ಲಿ 10.0ಗೂ 10.9ಗೂ ಬರೆಯುತ್ತಿದ್ದದ್ದು ಬರೀ ಹತ್ತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ ಅವರ ಮೊತ್ತ 700.5. ಅದರಲ್ಲಿ ಅರ್ಹತಾ ಸುತ್ತಿನ 596 ಪೂರ್ಣ ಅಂಕಿ, ಫೈನಲ್‌ನ 104.5 ಮಾತ್ರ ದಶಮಾಂಶ. ಈಗ ಅರವತ್ತು ಗುಂಡಿಗೂ ದಶಮಾಂಶವೇ, ಗರಿಷ್ಠ 654. ಈ ಪೆಲೆಟ್ ಆರಿಸುವ ಹುಚ್ಚು ಹತ್ತಿದ್ದು ಇದರಿಂದಲೇ.

ಈಗ ವೇಗ. ಮ್ಯಾಚ್ ರೈಫಲ್‌ನಿಂದ ಪೆಲೆಟ್ ಸುಮಾರು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಹತ್ತು ಮೀಟರ್ ಹೋಗಲು 0.06 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಷ್ಟರಲ್ಲಿ ಅದು ಸುಮಾರು 18 ಮಿಲಿಮೀಟರ್ ಕೆಳಗೆ ಬಿದ್ದಿರುತ್ತದೆ. ವೇಗ ನೂರಕ್ಕೆ ಒಂದರಷ್ಟು ಕಡಿಮೆಯಾದರೆ ಬೀಳುವುದು ನೂರಕ್ಕೆ ಎರಡರಷ್ಟು ಹೆಚ್ಚುತ್ತದೆ, ಅಂದರೆ ಸುಮಾರು 0.35 ಮಿಲಿಮೀಟರ್. ಹತ್ತಿರ ಹತ್ತಿರ 0.15 ಅಂಕ ಹೋಯಿತು.

ತೂಕ ಎಷ್ಟು ಕೆಡಿಸುತ್ತದೆ? ಪೆಲೆಟ್ ತೂಕ 0.53 ಗ್ರಾಂ. ಮೂರು ಮಿಲಿಗ್ರಾಂ ವ್ಯತ್ಯಾಸ ಅಂದರೆ ನೂರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು. ರೈಫಲ್ ಕೊಡುವ ಶಕ್ತಿ ಅಷ್ಟೇ ಇದ್ದರೆ ವೇಗ ಬದಲಾಗುವುದು ಸೆಕೆಂಡಿಗೆ ಅರ್ಧ ಮೀಟರ್. ಟಾರ್ಗೆಟ್‌ನಲ್ಲಿ ಅದು 0.1 ಮಿಲಿಮೀಟರ್. 0.1 ಅಂಕದ ಅರ್ಧವೂ ಇಲ್ಲ!

ಇಷ್ಟು ಗೊತ್ತಾದ ಮೇಲೆ ಮೂರು ಸಂಜೆ ಕೂತು ತೂಗುವ ಉತ್ಸಾಹ ತಾನಾಗಿ ಇಳಿಯುತ್ತದೆ, ಅಲ್ವಾ? ತೂಗಬೇಡಿ ಅಂತಲ್ಲ. ತೂಕ ಕೆಟ್ಟ ಪೆಲೆಟ್ ಹಿಡಿದುಕೊಡುವ ಗೂಢಚಾರ, ಅಷ್ಟೇ. ನನ್ನ ಅನುಭವದಲ್ಲಿ ಅಂಕ ತಿನ್ನುವುದು ಬೇರೆ ಎರಡು: ಪೆಲೆಟ್‌ನ ಆಕಾರ ಕೆಟ್ಟಿರುವುದು, ಮತ್ತು ನಿಮ್ಮ ನಳಿಗೆಗೆ ಒಗ್ಗದ ಬ್ಯಾಚ್. ಕೆಳಗಿನ ಕ್ರಮವೂ ಅದಕ್ಕೆ ತಕ್ಕ ಹಾಗೇ ಇದೆ.

ಕೈ ಹಾಕುವ ಮುನ್ನ

ಇದು ಸೀಸ. ಸುಮ್ನೆ ಹೆದರಿಸುತ್ತಿಲ್ಲ. ಅದು ಮೈಯೊಳಗೆ ಸೇರುವುದು ಹೆಚ್ಚಾಗಿ ಬಾಯಿಯ ಮೂಲಕ, ಮಕ್ಕಳಿಗೆ ಅಪಾಯ ಜಾಸ್ತಿ. ಪೆಲೆಟ್ ಆರಿಸುತ್ತಾ ಕಾಫಿ ಕುಡಿಯಬೇಡಿ, ಕೋಡುಬಳೆ ಅಂತೂ ಬೇಡವೇ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ, ಕೈಗೆಲ್ಲ ಹರಡುತ್ತದೆ ಅಷ್ಟೇ. ಊಟದ ಟೇಬಲ್ ಬಿಟ್ಟು ಬೇರೆ ಜಾಗ ಹುಡುಕಿ. ನಾನು ಹಳೆಯ ಸ್ಟೀಲ್ ತಟ್ಟೆಯ ಮೇಲೆ ಬಿಳಿ ಹಾಳೆ ಹಾಸಿಕೊಳ್ಳುತ್ತೇನೆ. ಆ ತಟ್ಟೆ ಅಡುಗೆಮನೆಯ ಮುಖ ನೋಡಿ ಎಂಟು ವರ್ಷವಾಯಿತು. ಹಾಳೆಯನ್ನು ಮಡಚಿ ಎಸೆಯುತ್ತೇನೆ, ಕೊಡವುವುದಿಲ್ಲ.

ಸಾಮಾನು ಜಾಸ್ತಿ ಬೇಕಿಲ್ಲ. ಚಿನಿವಾರರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗಾಜು ಒಂದು. ಪ್ಲಾಸ್ಟಿಕ್ ಚಿಮಟ ಒಂದು. ಕಬ್ಬಿಣದ್ದಾದರೆ ಸೀಸ ತಗ್ಗು ಬೀಳುತ್ತದೆ. ಮಿಲಿಗ್ರಾಂ ತೋರಿಸುವ ತೂಕದ ಮಷಿನ್, ಅದಕ್ಕೊಂದು ತೂಕದ ಬಟ್ಟು. ಫೋಟೋ ಫ್ರೇಮಿನ ಗಾಜು. ಒಂದು ನೋಟ್‌ಬುಕ್. ಮಷಿನ್ ಮತ್ತು ಭೂತಗಾಜು ನಗರ್ತಪೇಟೆ, ಅವೆನ್ಯೂ ರೋಡ್ ಕಡೆ ಚಿನಿವಾರರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ನಾನು ಹೋದಾಗ ಅಂಗಡಿಯವರು "ಚಿನ್ನಕ್ಕಾ, ಬೆಳ್ಳಿಗಾ ಸಾರ್?" ಅಂದರು. ಸೀಸಕ್ಕೆ ಅಂದೆ. ಆಮೇಲೆ ಅವರು ಮಾತೇ ಆಡಲಿಲ್ಲ.

ಅಂದಹಾಗೆ, ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಇದೆಯಲ್ಲ, ಅದರ ಒಂದು ಕಾಳು ಸುಮಾರು 0.12 ಗ್ರಾಂ. ನಮ್ಮ ಪೆಲೆಟ್ ನಾಲ್ಕೂವರೆ ಗುಲಗಂಜಿಗೆ ಹತ್ತಿರ. ನಾವು ಹುಡುಕುತ್ತಿರುವ ಮೂರು ಮಿಲಿಗ್ರಾಂ ಅಂದರೆ ಒಂದು ಗುಲಗಂಜಿಯ ನಲವತ್ತನೇ ಒಂದು ಪಾಲು.

ಹೆಜ್ಜೆ 1: ಡಬ್ಬಿಯ ಜಾತಕ ಬರೆದುಕೊಳ್ಳಿ

ಮ್ಯಾಚ್ ಪೆಲೆಟ್ ಡಬ್ಬಿಯ ಹಿಂಭಾಗದಲ್ಲಿ ಚೀಟಿ ಇರುತ್ತದೆ. ಅದರಲ್ಲಿ ಬ್ಯಾಚ್ ನಂಬರ್, ತಲೆಯ ಅಳತೆ (4.49 ಅಥವಾ 4.50 ಅಂತ), ತೂಕ ಇರುತ್ತವೆ. ಆರ್‌ಡಬ್ಲ್ಯೂಎಸ್ ಆರ್10 ಆಗಲಿ, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಆಗಲಿ, ಹೆಸರಿಗಿಂತ ಬ್ಯಾಚ್ ನಂಬರ್ ಮುಖ್ಯ. ಒಂದೇ ಹೆಸರಿನ ಎರಡು ಬ್ಯಾಚ್ ಎರಡು ಬೇರೆ ಪೆಲೆಟ್ ಅಂತಲೇ ತಿಳಿಯಿರಿ. ಡಬ್ಬಿ ತಂದ ದಿನವೇ ಇದನ್ನೆಲ್ಲ ಬರೆದುಕೊಳ್ಳಿ. ಚೀಟಿ ಕಿತ್ತುಹೋದ ಡಬ್ಬಿಯೊಂದು ನನ್ನ ಬೀರುವಿನಲ್ಲಿದೆ, ಬಹಳ ಚೆನ್ನಾಗಿ ಹೊಡೆಯುವ ಪೆಲೆಟ್. ಯಾವ ಬ್ಯಾಚ್ ಅಂತ ದೇವರಿಗೇ ಗೊತ್ತು.

ಹೆಜ್ಜೆ 2: ಕಣ್ಣಿನಿಂದ ಆರಿಸುವುದು

ಇದು ಎಲ್ಲಕ್ಕಿಂತ ಲಾಭದ ಕೆಲಸ, ಖರ್ಚೂ ಇಲ್ಲ.

ಪೆಲೆಟ್‌ಗೆ ತಲೆ, ಸೊಂಟ, ಲಂಗ ಅಂತ ಮೂರು ಭಾಗ. ತಲೆ ಚಪ್ಪಟೆ, ಪೇಪರಿನಲ್ಲಿ ತೂತನ್ನು ಕತ್ತರಿಸಿದ ಹಾಗೆ ಮಾಡುವುದು ಅದೇ. ಸೊಂಟ ಸಣ್ಣಗಿದೆ. ಹಿಂದಿನ ಲಂಗ ತೆಳುವಾಗಿದೆ, ಒಳಗೆ ಟೊಳ್ಳು. ಗಾಳಿ ನುಗ್ಗಿದಾಗ ಈ ಲಂಗ ಅರಳಿ ನಳಿಗೆಯ ಗೋಡೆಗೆ ಅಂಟಿಕೊಂಡು ಗಾಳಿ ಸೋರದ ಹಾಗೆ ತಡೆಯುತ್ತದೆ. ಆದ್ದರಿಂದ ಲಂಗದ ಅಂಚು ದುಂಡಗಿಲ್ಲದಿದ್ದರೆ ಪೆಲೆಟ್ ನಳಿಗೆ ಬಿಡುವ ಕ್ಷಣದಲ್ಲಿ ಗಾಳಿ ಒಂದು ಕಡೆ ಮೊದಲು ತಪ್ಪಿಸಿಕೊಂಡು ಅದನ್ನು ಪಕ್ಕಕ್ಕೆ ತಳ್ಳುತ್ತದೆ.

ಡಬ್ಬಿಯನ್ನು ತಟ್ಟೆಗೆ ಸುರಿಯಬೇಡಿ. ಸುರಿದರೆ ಅಲ್ಲೇ ಹತ್ತಾರು ಲಂಗ ಸೊಟ್ಟಗಾಗುತ್ತವೆ. ಮೆಲ್ಲಗೆ ಓರೆ ಮಾಡಿ ಇಪ್ಪತ್ತಿಪ್ಪತ್ತು ಜಾರಿಸಿಕೊಳ್ಳಿ. ಕಿಟಕಿಯ ಬೆಳಕು ಅಥವಾ ಟೇಬಲ್ ದೀಪ ಒಂದೇ ಪಕ್ಕದಿಂದ ಬೀಳುವ ಹಾಗೆ ಇಡಿ, ನೆರಳಿನಲ್ಲಿ ದೋಷ ಎದ್ದು ಕಾಣುತ್ತದೆ. ಲಂಗ ಮೇಲೆ ಮಾಡಿ ನಿಲ್ಲಿಸಿ, ಭೂತಗಾಜಿನಲ್ಲಿ ನೋಡಿ. ಅಂಚು ಪೂರ್ತಿ ದುಂಡಗಿದೆಯಾ, ಎಲ್ಲಾದರೂ ಒಳಗೆ ಮಡಚಿದೆಯಾ, ಟೊಳ್ಳಿನೊಳಗೆ ಸೀಸದ ಎಳೆ ಸಿಕ್ಕಿಕೊಂಡಿದೆಯಾ? ಆಮೇಲೆ ತಿರುಗಿಸಿ ತಲೆ ನೋಡಿ. ತಲೆಯ ಅಂಚಿನಲ್ಲಿ ಉಗುರಿನಿಂದ ಕೆತ್ತಿದಂಥ ಗೀರು ಇದ್ದರೆ ಪಕ್ಕಕ್ಕೆ. ಸೊಂಟದಲ್ಲಿ ಅಚ್ಚಿನ ಗೆರೆ ಇದ್ದರೆ ಪರವಾಗಿಲ್ಲ, ಅದು ಎಲ್ಲದರಲ್ಲೂ ಇರುತ್ತದೆ.

ಅನುಮಾನ ಬಂದರೆ ಪಕ್ಕಕ್ಕೆ ಇಡಿ, ವಾದ ಮಾಡಬೇಡಿ. ಅವು ಹಾಳಾಗುವುದಿಲ್ಲ. ಅಭ್ಯಾಸದ ಮೊದಲ ಹತ್ತು ಗುಂಡಿಗೆ ಬರುತ್ತವೆ.

ಹೆಜ್ಜೆ 3: ತೂಗುವ ಮುನ್ನ ತಕ್ಕಡಿಯನ್ನೇ ತೂಗುವುದು

ಇಲ್ಲಿ ನನ್ನ ಮರ್ಯಾದೆ ಹೋದ ಕಥೆ ಹೇಳಲೇಬೇಕು. ಮಷಿನ್ ತಂದ ಮೊದಲ ವಾರ, ಜನವರಿ ಚಳಿ. ಸ್ವಿಚ್ ಹಾಕಿದವನೇ ತೂಗಲು ಶುರು ಮಾಡಿದೆ. ಮೂರು ಸಂಜೆ, ನಾಲ್ಕು ಬಟ್ಟಲು: ಹಗುರ, ಮಧ್ಯ, ಭಾರ, ತುಂಬಾ ಭಾರ. ಹೆಮ್ಮೆಯಿಂದ ಮಗಳಿಗೆ ತೋರಿಸಿದೆ. ಅವಳು ನೋಟ್‌ಬುಕ್ ನೋಡಿ ಕೇಳಿದಳು, "ಅಪ್ಪಾ, ಭಾರದ್ದೆಲ್ಲ ದಿನಾ ಮೊದಲ ಅರ್ಧ ಗಂಟೇಲೇ ಸಿಕ್ಕಿದ್ಯಲ್ಲ, ಡಬ್ಬೀಲಿ ಮೇಲುಗಡೆ ಭಾರದ್ದು ಇಟ್ಟಿರ್ತಾರಾ?" 'ತುಂಬಾ ಭಾರ'ದ ಬಟ್ಟಲನ್ನು ಮತ್ತೆ ತೂಗಿದೆ. ಅಷ್ಟೂ ಮಧ್ಯದ್ದೇ. ಮಷಿನ್ ಬಿಸಿಯಾಗುವವರೆಗೆ ಅದರ ಅಂಕಿ ಮೆಲ್ಲಗೆ ಜಾರುತ್ತಿತ್ತು. ನಾನು ಮೂರು ದಿನ ಪೆಲೆಟ್ ಅಲ್ಲ, ಮಷಿನ್ನಿನ ಚಳಿಯನ್ನು ಅಳೆದಿದ್ದೆ.

ಆದ್ದರಿಂದ ಈಗಿನ ಕ್ರಮ ಇದು. ಮಷಿನ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಟೀಪಾಯಿ ಮೇಲೆ ಬೇಡ, ಗೋಡೆಗೆ ಸೇರಿದ ಕಡಪ ಕಲ್ಲಿನ ಕಟ್ಟೆಯಂಥದ್ದು ಒಳ್ಳೆಯದು. ನಮ್ಮದು ಮೇನ್ ರೋಡ್ ಪಕ್ಕದ ಮನೆ, ಬಿಎಂಟಿಸಿ ಬಸ್ ಹೋದಾಗ ಕೊನೆಯ ಅಂಕಿ ಕುಣಿಯುವುದನ್ನು ನಾನೇ ನೋಡಿದ್ದೇನೆ. ಫ್ಯಾನ್ ಆಫ್ ಮಾಡಿ, ಮಷಿನ್ ಮುಚ್ಚಳ ಹಾಕಿ, ನಿಮ್ಮ ಉಸಿರೂ ಅದರ ಮೇಲೆ ಬೀಳದಿರಲಿ. ಬಟ್ಟು ಇಟ್ಟು ಸರಿಪಡಿಸಿ. ಬಟ್ಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡಿಗೂ ತೂಕ ಇದೆ.

ಈಗ ಮುಖ್ಯವಾದದ್ದು. ಒಂದೇ ಒಂದು ಪೆಲೆಟ್ ತೆಗೆದುಕೊಂಡು ಇಪ್ಪತ್ತು ಸಲ ತೂಗಿ. ಪ್ರತಿ ಸಲ ಎತ್ತಿ, ಸೊನ್ನೆ ಬಂದದ್ದು ನೋಡಿ, ಮತ್ತೆ ಇಟ್ಟು ಬರೆಯಿರಿ. ಇಪ್ಪತ್ತು ಅಂಕಿಯಲ್ಲಿ ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಎಷ್ಟು ಅಂತರ? ಅದು ನಿಮ್ಮ ಮಷಿನ್ನಿನ ಯೋಗ್ಯತೆ. ಅಂತರ ಎರಡು ಮಿಲಿಗ್ರಾಂ ಬಂದರೆ, ಆ ಮಷಿನ್ನಿನಲ್ಲಿ ಒಂದೊಂದು ಮಿಲಿಗ್ರಾಂಗೆ ಗುಂಪು ಮಾಡುವುದು ಗಾಳಿಯನ್ನು ಜರಡಿ ಹಿಡಿದ ಹಾಗೆ. ಪರದೆಯಲ್ಲಿ ಮೂರು ದಶಮಾಂಶ ಕಾಣಿಸುತ್ತದೆ ಅಂದ ಮಾತ್ರಕ್ಕೆ ಮೂರನೆಯದು ನಿಜ ಅಂತಲ್ಲ.

ಆ ಪೆಲೆಟ್ಟನ್ನು ಎಸೆಯಬೇಡಿ. ಅದೇ ನಿಮ್ಮ ಸಾಕ್ಷಿ. ಒಂದು ಪುಟ್ಟ ಡಬ್ಬಿಯಲ್ಲಿಟ್ಟು, ತೂಗುವಾಗ ಪ್ರತಿ ಇಪ್ಪತ್ತೈದಕ್ಕೊಮ್ಮೆ ಅದನ್ನು ಮಷಿನ್ ಮೇಲೆ ಇಡಿ. ಸಾಕ್ಷಿ ಮಾತು ಬದಲಿಸಿತು ಅಂದರೆ ನಿಲ್ಲಿಸಿ, ಮತ್ತೆ ಬಟ್ಟಿನಿಂದ ಸರಿಪಡಿಸಿ, ಹಿಂದಿನ ಇಪ್ಪತ್ತೈದನ್ನೂ ಮತ್ತೆ ತೂಗಿ.

ಹೆಜ್ಜೆ 4: ಐವತ್ತು ತೂಗಿ, ಐನೂರಲ್ಲ

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಇಲ್ಲಿ ಒಂದು ಅಗುಳು ಸಾಲದು, ಆದರೆ ಇಡೀ ಪಾತ್ರೆಯೂ ಬೇಡ. ಡಬ್ಬಿಯ ಬೇರೆ ಬೇರೆ ಕಡೆಯಿಂದ ಐವತ್ತು ತೆಗೆದು ತೂಗಿ. ಹಾಳೆಯಲ್ಲಿ ತೂಕಗಳನ್ನು ಕೆಳಗೆ ಕೆಳಗೆ ಬರೆದು, ಸಿಕ್ಕಿದ ಹಾಗೆ ಎದುರಿಗೆ ಒಂದೊಂದು ಗೀಟು ಹಾಕುತ್ತಾ ಹೋಗಿ. ಹಾಲಿನವನ ಲೆಕ್ಕದ ಹಾಗೆ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. 0.527ಕ್ಕೆ ಎರಡು ಗೀಟು, 0.528ಕ್ಕೆ ಐದು, 0.529ಕ್ಕೆ ಹತ್ತು, 0.530ಕ್ಕೆ ಹದಿನೈದು, 0.531ಕ್ಕೆ ಹನ್ನೊಂದು, 0.532ಕ್ಕೆ ಐದು, 0.533ಕ್ಕೆ ಒಂದು. ಮತ್ತೆ ದೂರದಲ್ಲಿ ಒಂಟಿಯಾಗಿ 0.521ಕ್ಕೆ ಒಂದು ಗೀಟು. ಆ ಒಂಟಿಯನ್ನು ಮತ್ತೆ ಭೂತಗಾಜಿನಡಿ ಹಿಡಿದೆ. ಲಂಗದ ಒಳಗೋಡೆಯಲ್ಲಿ ಸಾಸಿವೆಗಿಂತ ಚಿಕ್ಕ ಗುಳಿ, ಸೀಸ ಸರಿಯಾಗಿ ತುಂಬಿರಲಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ನನಗೆ ತಪ್ಪಿಹೋಗಿತ್ತು. ನಾನು ತೂಕಕ್ಕೆ ಕೊಡುವ ಗೌರವ ಇದಕ್ಕೇ.

ಉಳಿದ ನಲವತ್ತೊಂಬತ್ತು ನಡುವೆ ಎತ್ತರ, ಎರಡು ಕಡೆ ಇಳಿಜಾರು, ನಂದಿಬೆಟ್ಟದ ಹಾಗೆ. ಇದು ಒಳ್ಳೆಯ ಡಬ್ಬಿ. ಇದನ್ನು ಮತ್ತೆ ಗುಂಪು ಮಾಡುವ ಅಗತ್ಯವೇ ಇಲ್ಲ, ಒಂಟಿಗಳನ್ನು ತೆಗೆದರೆ ಸಾಕು. ಒಂದು ಬೆಟ್ಟದ ಬದಲು ಎರಡು ಬೆಟ್ಟ ಕಂಡರೆ ಮಾತ್ರ ಬೇರೆ ಮಾತು. ಎರಡು ಅಚ್ಚಿನ ಪೆಲೆಟ್ ಒಂದೇ ಡಬ್ಬಿಗೆ ಬಿದ್ದಿರುವ ಸಾಧ್ಯತೆ ಇದೆ. ಆಗ ಐನೂರನ್ನೂ ತೂಗಿ ಎರಡು ಪಾಲು ಮಾಡುವುದಕ್ಕೆ ಅರ್ಥ ಇದೆ. ಅಗ್ಗದ ಅಭ್ಯಾಸದ ಪೆಲೆಟ್‌ಗಳಲ್ಲಿ ಬೆಟ್ಟವೇ ಇರುವುದಿಲ್ಲ, ಬಯಲುಸೀಮೆ. ಅವನ್ನು ತೂಗುತ್ತಾ ಕೂರುವುದಕ್ಕಿಂತ ಆ ಸಮಯದಲ್ಲಿ ಹೋಲ್ಡಿಂಗ್, ಅಂದರೆ ರೈಫಲ್ ಅಲುಗದ ಹಾಗೆ ಹಿಡಿದು ನಿಲ್ಲುವ ಅಭ್ಯಾಸ ಮಾಡುವುದು ಮೇಲು.

ಹೆಜ್ಜೆ 5: ಗಾಜಿನ ಮೇಲೆ ಉರುಳಿಸುವುದು

ತಲೆಯ ಅಳತೆಯನ್ನು ವರ್ನಿಯರ್‌ನಲ್ಲಿ ಹಿಡಿಯಲು ಹೋಗಬೇಡಿ. ಸಾಮಾನ್ಯ ವರ್ನಿಯರ್‌ನ ಒಂದು ಗೆರೆಯೇ 0.02 ಮಿಲಿಮೀಟರ್. ನಿಮಗೆ ಬೇಕಾದದ್ದು 4.49ಕ್ಕೂ 4.50ಕ್ಕೂ ಇರುವ 0.01. ಮೈಕ್ರೋಮೀಟರ್‌ಗೆ ಆ ಸೂಕ್ಷ್ಮ ಇದೆ, ಆದರೆ ಸೀಸ ಎಷ್ಟು ಮೆದು ಅಂದರೆ ತಿರುಪು ತುಸು ಜಾಸ್ತಿ ತಿರುಗಿದರೂ ತಲೆಯೇ ಅಮುಕಿಹೋಗುತ್ತದೆ. ಅಳೆದದ್ದೂ ಸುಳ್ಳು, ಪೆಲೆಟ್ಟೂ ಹಾಳು.

ಅದಕ್ಕೆ ಹಳೆಯ ಉಪಾಯ ಒಂದಿದೆ. ಪೇಪರ್ ಲೋಟವನ್ನು ಮಲಗಿಸಿ ಉರುಳಿಸಿದರೆ ಅದು ನೇರ ಹೋಗುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದು. ಪೆಲೆಟ್‌ನಲ್ಲೂ ಲಂಗ ತಲೆಗಿಂತ ತುಸು ಅಗಲ. ಗಾಜನ್ನು ಒಂದು ಕಡೆ ಎರಡು ಪುಸ್ತಕದ ಮೇಲೆ ಎತ್ತರಿಸಿ. ಕೆಳಗೆ ಗ್ರಾಫ್ ಹಾಳೆ ಇಡಿ. ಮೇಲಿನ ಅಂಚಿನಲ್ಲಿ ಸ್ಕೇಲ್ ಅಡ್ಡ ಹಿಡಿದು, ಅದಕ್ಕೆ ಒರಗಿಸಿ ಪೆಲೆಟ್ ಮಲಗಿಸಿ, ಸ್ಕೇಲ್ ನೇರ ಮೇಲಕ್ಕೆ ಎತ್ತಿ. ಕೈಯಿಂದ ತಳ್ಳಬಾರದು. ಒಂದೇ ಅಳತೆಯವು ಒಂದೇ ಬಿಲ್ಲಿನ ದಾರಿ ಹಿಡಿದು ಕೆಳಗಿನ ಅಂಚನ್ನು ಒಂದೇ ಜಾಗದಲ್ಲಿ ಮುಟ್ಟುತ್ತವೆ. ಲಂಗ ಸೊಟ್ಟಗಿರುವುದು ಕುಂಟುತ್ತಾ ಹೋಗುತ್ತದೆ, ನೋಡಿದರೇ ಗೊತ್ತಾಗುತ್ತದೆ.

ಇದರಿಂದ ತಲೆ ಎಷ್ಟು ಮಿಲಿಮೀಟರ್ ಅಂತ ತಿಳಿಯುವುದಿಲ್ಲ. ಗುಂಪಿನಲ್ಲಿ ಯಾರು ಬೇರೆ ಅಂತ ಮಾತ್ರ ತಿಳಿಯುತ್ತದೆ. ಹತ್ತಾರು ಉರುಳಿಸಿ ಅಭ್ಯಾಸವಾದ ಮೇಲೆ ನಿಮಿಷಕ್ಕೆ ಏಳೆಂಟು ಆಗುತ್ತದೆ. ಪಂದ್ಯಕ್ಕೆ ಬೇಕಾದ ನೂರು ಪೆಲೆಟ್ ಆರಿಸಲು ಕಾಲು ಗಂಟೆ. ನಾನು ತೂಕ ಬಿಟ್ಟರೂ ಇದನ್ನು ಬಿಡುವುದಿಲ್ಲ.

ಹೆಜ್ಜೆ 6: ವೇಗ

ಕ್ರೋನೋಗ್ರಾಫ್, ಅಂದರೆ ಪೆಲೆಟ್‌ನ ವೇಗ ಅಳೆಯುವ ಮಷಿನ್, ಇದ್ದವರಿಗೆ ಮಾತ್ರ. ಕೊಳ್ಳಲೇಬೇಕು ಅಂತಿಲ್ಲ, ಕ್ಲಬ್ಬಿನಲ್ಲಿ ಯಾರ ಬಳಿಯಾದರೂ ಇರುತ್ತದೆ. ಬೆಳಕಿನ ಸೆನ್ಸರ್ ಇರುವಂಥದ್ದಾದರೆ ಟ್ಯೂಬ್‌ಲೈಟ್ ಕೆಳಗೆ ಇಡಬೇಡಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಸೆನ್ಸರ್ ಮೋಸ ಹೋಗುತ್ತದೆ. ನಳಿಗೆಯ ತುದಿಯಿಂದ ಸೆನ್ಸರ್‌ಗೆ ಇರುವ ದೂರ ಪ್ರತಿ ಸಲವೂ ಒಂದೇ ಇರಲಿ.

ರೈಫಲ್‌ನ ಗಾಳಿ ಸಿಲಿಂಡರ್‌ನಲ್ಲಿ ಗಾಳಿ ಸಾಕಷ್ಟಿರುವಾಗ ಹತ್ತು ಗುಂಡು ಹೊಡೆದು ವೇಗ ಬರೆಯಿರಿ. ಚೆನ್ನಾಗಿರುವ ಮ್ಯಾಚ್ ರೈಫಲ್‌ನಲ್ಲಿ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಸೆಕೆಂಡಿಗೆ ಎರಡು ಮೂರು ಮೀಟರ್ ಅಂತರ ಇರುತ್ತದೆ. ಮೂರು ಮೀಟರ್ ಅಂದರೆ ಟಾರ್ಗೆಟ್‌ನಲ್ಲಿ ಮೇಲೆ ಕೆಳಗೆ 0.65 ಮಿಲಿಮೀಟರ್, ನೆನಪಿರಲಿ. ಅದಕ್ಕಿಂತ ಜಾಸ್ತಿ ಬಂದರೆ ತಕ್ಷಣ ಪೆಲೆಟ್ ಮೇಲೆ ಗೂಬೆ ಕೂರಿಸಬೇಡಿ. ಬೇರೆ ಬ್ಯಾಚ್ ಹಾಕಿ ನೋಡಿ. ಅದರಲ್ಲೂ ಅಷ್ಟೇ ಬಂದರೆ ತಪ್ಪು ರೈಫಲ್‌ನ ರೆಗ್ಯುಲೇಟರ್ (ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ಅಥವಾ ಸೀಲ್‌ನದು. ಐನೂರು ಪೆಲೆಟ್ ತೂಗಿದರೂ ಅದು ಸರಿಹೋಗಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಾವು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್‌ಗಿಂತ ಮೇಲಿದ್ದೇವೆ, ಇಲ್ಲಿ ಗಾಳಿ ತೆಳು. ದೆಹಲಿಯ ಕರ್ಣಿ ಸಿಂಗ್ ರೇಂಜ್‌ಗೋ ತಿರುವನಂತಪುರಕ್ಕೋ ಹೋದಾಗ ಪೆಲೆಟ್ ಕೂದಲೆಳೆಯಷ್ಟು ಕೆಳಗೆ ಬಿದ್ದರೆ ಬ್ಯಾಚ್ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಸೈಟ್ ಒಂದು ಕ್ಲಿಕ್ ತಿರುಗಿಸಿದರೆ ಆಯಿತು.

ಹೆಜ್ಜೆ 7: ಪೇಪರ್ ಹೇಳುವುದೇ ಕೊನೆ ಮಾತು

ಇದನ್ನು ಮನೆಯ ತಾರಸಿಯಲ್ಲಿ ಮಾಡಬೇಡಿ. ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಪೆಟ್ಟಿಗೆ, ಮಧ್ಯೆ ಯಾರೂ ಬಾರದ ಜಾಗ ಬೇಕು. ಕಣ್ಣಿಗೆ ಕನ್ನಡಕ ಇರಲಿ. ರೇಂಜ್ ಇದ್ದರೆ ರೇಂಜೇ ಒಳ್ಳೆಯದು.

ರೈಫಲ್ಲನ್ನು ಕೈಯಲ್ಲಿ ಹಿಡಿದು ಹೊಡೆದರೆ ಪರೀಕ್ಷೆ ಆಗುವುದು ನಿಮ್ಮದು, ಪೆಲೆಟ್‌ದಲ್ಲ. ಕ್ಲ್ಯಾಂಪ್ ಇದ್ದರೆ ಸರಿ. ಇಲ್ಲದಿದ್ದರೆ ಬೆಂಚಿನ ಮೇಲೆ ಮರಳು ಚೀಲ ಇಟ್ಟು ಒರಗಿಸಿ. ನಾನು ಒಮ್ಮೆ ರಾಗಿ ತುಂಬಿದ ಚೀಲ ಮಾಡಿಕೊಂಡಿದ್ದೆ. ಕೂರುವುದು ಬಹಳ ಚೆನ್ನಾಗಿ ಕೂರುತ್ತದೆ, ಮೂರನೇ ತಿಂಗಳು ಹುಳ ಹಿಡಿಯಿತು.

ಬ್ಯಾಚ್ ಬದಲಿಸಿದಾಗ ಮೊದಲ ಹತ್ತು ಗುಂಡು ಲೆಕ್ಕಕ್ಕೆ ಬೇಡ, ನಳಿಗೆ ಹೊಸ ಸೀಸಕ್ಕೆ ಹೊಂದಿಕೊಳ್ಳಲಿ. ಆಮೇಲೆ ಒಂದು ಟಾರ್ಗೆಟ್ ಕಾರ್ಡಿಗೆ ಹತ್ತು ಗುಂಡು. ಐದು ಬೇಡ. ಐದು ಗುಂಡಿನ ಗ್ರೂಪ್, ಅಂದರೆ ಕಾರ್ಡಿನ ಮೇಲೆ ಬಿದ್ದ ತೂತುಗಳ ಗುಂಪು, ಯಾವಾಗಲೂ ಸುಂದರವಾಗಿಯೇ ಕಾಣುತ್ತದೆ, ಅದನ್ನು ನಂಬಿ ಹತ್ತು ಡಬ್ಬಿ ಕೊಂಡವರನ್ನು ನಾನು ಬಲ್ಲೆ. ಒಂದೊಂದು ಬ್ಯಾಚ್‌ಗೂ ಕನಿಷ್ಠ ನಾಲ್ಕು ಕಾರ್ಡ್. ಮತ್ತೆ 'ಅ' ಬ್ಯಾಚ್‌ನ ನಾಲ್ಕನ್ನೂ ಮುಗಿಸಿ 'ಆ' ಬ್ಯಾಚ್‌ಗೆ ಹೋಗಬೇಡಿ. ಅ, ಆ, ಆ, ಅ. ಮತ್ತೆ ಅ, ಆ, ಆ, ಅ. ಹೊತ್ತು ಹೋದಂತೆ ನಿಮಗೂ ಸುಸ್ತು, ಸಿಲಿಂಡರ್‌ಗೂ ಸುಸ್ತು. ಆ ಸುಸ್ತು ಎರಡಕ್ಕೂ ಸಮನಾಗಿ ಹಂಚಿಹೋಗಲಿ.

ಯಾವುದು ಯಾವ ಬ್ಯಾಚ್ ಅಂತ ನಿಮಗೆ ಗೊತ್ತಿರದಿದ್ದರೆ ಇನ್ನೂ ಒಳ್ಳೆಯದು. ನನ್ನ ಮಗಳು ಎರಡು ಬಟ್ಟಲಿಗೆ ತುಂಬಿ ಕೆಳಗೆ ಗುಟ್ಟಾಗಿ ಗುರುತು ಹಾಕಿ ಕೊಡುತ್ತಾಳೆ. ಒಮ್ಮೆ ತೂಕ ನೋಡಿ ಆರಿಸಿದ್ದನ್ನು ಒಂದರಲ್ಲಿ, ಬರೀ ಕಣ್ಣಿನಿಂದ ಆರಿಸಿದ್ದನ್ನು ಇನ್ನೊಂದರಲ್ಲಿ ಹಾಕಿಸಿದೆ. ಎಂಟು ಕಾರ್ಡ್ ಹೊಡೆದು ಎರಡನ್ನೂ ಪಕ್ಕಪಕ್ಕ ಹಾಸಿದೆ. ಯಾವುದು ಯಾವುದು ಅಂತ ಹೇಳಲಿಕ್ಕೇ ಆಗಲಿಲ್ಲ. ಇನ್ನೊಮ್ಮೆ ಲಂಗ ಸೊಟ್ಟಗಿದ್ದ, ಪಕ್ಕಕ್ಕೆ ತೆಗೆದಿಟ್ಟ ಪೆಲೆಟ್‌ಗಳನ್ನು ಹಾಕಿಸಿದೆ. ಮೂರನೇ ಗುಂಡಿಗೇ ನನಗೆ ಗೊತ್ತಾಯಿತು. "ಮೋಸ ಮಾಡ್ದೆ ಅಲ್ವಾ?" ಅಂದೆ. "ನೀವೇ ಹೇಳಿದ್ದು" ಅಂದಳು.

ಗ್ರೂಪ್ ಅಳೆಯುವಾಗ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಅದರಲ್ಲಿ ಒಂದು ತೂತಿನ ಅಗಲ ಕಳೆದರೆ ನಡುವಿನಿಂದ ನಡುವಿಗೆ ದೂರ ಸಿಗುತ್ತದೆ. ಕಳೆಯಬೇಕಾದದ್ದು ಕಣ್ಣುಮುಚ್ಚಿ 4.5 ಅಲ್ಲ. ಪೇಪರಿನ ತೂತು ಪೆಲೆಟ್‌ಗಿಂತ ತುಸು ಚಿಕ್ಕದಾಗಿ ಕಾಣುತ್ತದೆ. ಅದೇ ಕಾರ್ಡಿನ ಮೂಲೆಯಲ್ಲಿ ಒಂಟಿ ಗುಂಡು ಹೊಡೆದು ಆ ತೂತು ಅಳೆದು ಅದನ್ನೇ ಕಳೆಯಿರಿ. ಜೆರಾಕ್ಸ್ ಹಾಳೆ ಹರಿದುಹೋಗುತ್ತದೆ, ಸರಿಯಾದ ಟಾರ್ಗೆಟ್ ಕಾರ್ಡನ್ನೇ ಬಳಸಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಸಿಕ್ಕರೆ ಈ ರಗಳೆಯೇ ಇಲ್ಲ, ಪ್ರತಿ ಗುಂಡಿನ ಜಾಗವನ್ನೂ ಅದೇ ಬರೆದುಕೊಡುತ್ತದೆ.

ನಾಲ್ಕು ಕಾರ್ಡಿನ ಸರಾಸರಿ ನೋಡಿ, ಅತಿ ಚೆಂದದ ಕಾರ್ಡನ್ನಲ್ಲ. ಎರಡು ಬ್ಯಾಚ್‌ಗಳ ಸರಾಸರಿ ಹತ್ತಿರ ಹತ್ತಿರ ಇದ್ದರೆ ಅಗ್ಗದ್ದನ್ನು ಕೊಳ್ಳಿ. ಒಂದು ಸ್ಪಷ್ಟವಾಗಿ ಗೆದ್ದರೆ ಅದೇ ಬ್ಯಾಚ್ ನಂಬರ್‌ನ ಡಬ್ಬಿ ಎಷ್ಟು ಸಿಗುತ್ತದೋ ಅಷ್ಟು ಆವತ್ತೇ ತಂದುಬಿಡಿ. ಮುಂದಿನ ತಿಂಗಳು ಹೋದರೆ ಅಂಗಡಿಯಲ್ಲಿ ಬೇರೆ ನಂಬರ್ ಇರುತ್ತದೆ.

ಆರಿಸಿದ್ದನ್ನು ಇಡುವುದು

ಸಡಿಲವಾಗಿ ಡಬ್ಬಿಗೆ ಮತ್ತೆ ಸುರಿದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಸ್ಕೂಟರ್ ಡಿಕ್ಕಿಯಲ್ಲಿ ನಮ್ಮ ರಸ್ತೆಗುಂಡಿ ದಾಟಿ ರೇಂಜ್ ಸೇರುವಷ್ಟರಲ್ಲಿ ಅರ್ಧ ಲಂಗ ಸೊಟ್ಟ. ಪಂದ್ಯದ ಪೆಲೆಟ್‌ಗಳನ್ನು ಗೂಡು ಗೂಡಾಗಿರುವ ಫೋಮ್ ಟ್ರೇಯಲ್ಲಿ ತಲೆ ಕೆಳಗೆ ಮಾಡಿ ನಿಲ್ಲಿಸಿ. ಉಳಿದ ಡಬ್ಬಿಯಲ್ಲಿ ಜಾಗ ಖಾಲಿ ಇದ್ದರೆ ಮೇಲೆ ಸ್ಪಂಜಿನ ತುಂಡು ತುರುಕಿ, ಅಲುಗಾಡದಿರಲಿ.

ಮಳೆಗಾಲದಲ್ಲಿ ಸೀಸಕ್ಕೆ ಬಿಳಿ ಬೂಷ್ಟಿನಂಥ ಪುಡಿ ಹಿಡಿಯುತ್ತದೆ. ಆ ಪುಡಿ ಸೀಸಕ್ಕಿಂತ ಕೆಟ್ಟದ್ದು, ಸುಲಭವಾಗಿ ಉಸಿರಿಗೂ ಕೈಗೂ ಬರುತ್ತದೆ. ಪುಡಿ ಹಿಡಿದ ಪೆಲೆಟ್ ಒರೆಸಿ ಬಳಸುವ ಜಿಪುಣತನ ಬೇಡ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೀರುವಿನ ಮೇಲಿನ ಅರೆಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬ್ಯಾಚ್ ನಂಬರ್, ಆರಿಸಿದ ತಾರೀಕು, ನಾಲ್ಕು ಕಾರ್ಡಿನ ಸರಾಸರಿ ಬರೆಯಿರಿ. ಚೀಟಿ ಅಂಟಿಸಬೇಡಿ. ನನ್ನದು ಕಿತ್ತುಹೋದದ್ದು ಹಾಗೆಯೇ.